ಹದ್ದಿನ ರೆಕ್ಕೆಯ ಕೆಳಗಿನ ಗೆರೆ

ಮಂಗಳವಾರ, ಅಂಗಡಿಯಿಂದ

ನನ್ನ ಇಣುಕಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ನಿಮ್ಮಪ್ಪ ಚೆನ್ನಾಗಿದ್ದಾರೆ. ನನ್ನ ವಿಷಯ ಮುಂದೆ ಓದುತ್ತಾ ಹೋಗು, ತಾನೇ ಗೊತ್ತಾಗುತ್ತದೆ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ನೀನು ಫೋನನ್ನು ಮೇಜಿನ ಮೇಲಿಟ್ಟು, ಸದ್ದು ಜೋರು ಮಾಡಿ, ಕೈಯಲ್ಲಿ ಬೇರೇನೋ ಕೆಲಸ ಮಾಡುತ್ತಾ ಮಾತಾಡುವವಳು. ನಾನು ಹೇಳಿದ್ದನ್ನೆಲ್ಲ ನಿಮ್ಮತ್ತೆ ಕೇಳಿಸಿಕೊಂಡು, ಮಧ್ಯದಲ್ಲಿ 'ಏನ್ ಬೀಗಿತ್ತಿಯವರೇ, ಆರಾಮಾ?' ಎನ್ನುತ್ತಾರೆ. ಆಮೇಲೆ ನಾನು ನಕ್ಕು ಮಾತಾಡಬೇಕು. ಇವತ್ತು ಅದು ನನ್ನ ಕೈಲಾಗುವುದಿಲ್ಲ.

ನಿನ್ನ ಕಾಗದ, ನಾಣ್ಯದ ಫೋಟೋ ಎರಡೂ ಶುಕ್ರವಾರವೇ ಬಂದವು. ಓದಿದೆ. ಓದಿ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ. ಮೊದಲ ಪುಟದಲ್ಲಿ 'ಅತ್ತೆ ಹೇಳಿದರು', ಎರಡನೇ ಪುಟದಲ್ಲಿ 'ಅತ್ತೆಗೆ ಎಷ್ಟು ಬೇಗ ಹತ್ತಿತು ಗೊತ್ತಾ', ಕೊನೆಯಲ್ಲಿ 'ಅತ್ತೆ ನಿಮ್ಮನ್ನು ಕೇಳಿದೆ ಅಂತ ತಿಳಿಸಲು ಹೇಳಿದ್ದಾರೆ'. ಅಪ್ಪನ ಕಾಲುನೋವಿನ ಬಗ್ಗೆ ಒಂದು ಸಾಲು ಬರೆದಿದ್ದೀಯ. ನನ್ನ ಬಗ್ಗೆ ಏನೂ ಇಲ್ಲ, ನನ್ನ ನಾಣ್ಯ ಬೇಕು ಎಂಬುದನ್ನು ಬಿಟ್ಟರೆ.

ಸರಿ, ನಾಣ್ಯದ ಮಾತಿಗೇ ಬರುತ್ತೇನೆ. ಈ ಕಾಗದವನ್ನು ನೀನು ನಿಮ್ಮತ್ತೆಗೂ ಓದಿ ಹೇಳುತ್ತೀಯೆಂದು ಗೊತ್ತು. ಆದ್ದರಿಂದ ಹಲ್ಲಿನ ಡಾಕ್ಟರಿಗೂ ಅರ್ಥವಾಗುವ ಹಾಗೆ ಬರೆಯುತ್ತೇನೆ. ಒಂದು ನಾಣ್ಯ ಒತ್ತಬೇಕಾದರೆ ಎರಡು ಉಕ್ಕಿನ ಅಚ್ಚು ಬೇಕು, ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು. ಹತ್ತೊಂಬತ್ತನೇ ಶತಮಾನದ ಅಮೆರಿಕದ ಟಂಕಸಾಲೆಯಲ್ಲಿ ಅಚ್ಚಿನ ಮೇಲೆ ಇಸವಿಯನ್ನೂ ಊರಿನ ಗುರುತಿನ ಅಕ್ಷರವನ್ನೂ ಕೈಯಿಂದಲೇ ಬಡಿದು ಮೂಡಿಸುತ್ತಿದ್ದರು. ಕೈ ಎಂದಮೇಲೆ ಒಂದು ಕೂದಲೆಳೆ ಆಚೆ, ಒಂದು ಕೂದಲೆಳೆ ಈಚೆ. ಹಾಗಾಗಿ ಎರಡು ಅಚ್ಚು ತದ್ರೂಪು ಇರುವುದಿಲ್ಲ, ಯಾವ ನಾಣ್ಯ ಯಾವ ಅಚ್ಚಿನಿಂದ ಬಂತೆಂದು ನಮ್ಮಂಥವರು ಭೂತಗನ್ನಡಿ ಹಿಡಿದು ಹೇಳಬಹುದು. ನಾವು ಮನೆಯಲ್ಲಿ 'ಕುಳಿತಮ್ಮ' ಎಂದು ಕರೆಯುವ ಈ ಬೆಳ್ಳಿ ಡಾಲರಿನಲ್ಲಿ ಒಂದು ಕಡೆ ಬಂಡೆಯ ಮೇಲೆ ಕೂತ ಹೆಂಗಸು, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ನಮ್ಮ ಹತ್ತಿರವಿರುವ ವರ್ಷದ್ದು ಸಿಕ್ಕಿರುವುದೇ ಬೆರಳೆಣಿಕೆಯಷ್ಟು. ಅದಕ್ಕೆ ಹದ್ದಿನ ಕಡೆಯ ಅಚ್ಚು ಎರಡು. ಊರಿನ ಅಕ್ಷರ ಹದ್ದಿನ ಕೆಳಗೆ ನಟ್ಟನಡುವೆ ಇದ್ದರೆ ಮೊದಲನೆಯದು, ಬಲಕ್ಕೆ ಸರಿದಿದ್ದರೆ ಎರಡನೆಯದು. ನಾನು ಹೇಳಿದ್ದು, ನಮ್ಮ ನಾಣ್ಯ ಸಂಗ್ರಾಹಕರ ಸಂಘದವರು ಒಪ್ಪಿದ್ದು, ಸಂಘದ ಪುಸ್ತಕದಲ್ಲಿ ಅಚ್ಚಾದದ್ದು ಇದೇ.

ಈಗ ಬೀಗಿತ್ತಿಯವರು ಮೂರನೆಯದನ್ನು ಕಂಡುಹಿಡಿದಿದ್ದಾರೆ! ಹಡಗಿನಲ್ಲಿ ಕೆಲಸಕ್ಕಿದ್ದ ಅವರ ತಂದೆಯ ಪೆಟ್ಟಿಗೆಯಲ್ಲಿ ಅದೇ ವರ್ಷದ ಇನ್ನೊಬ್ಬ ಕುಳಿತಮ್ಮ ಸಿಕ್ಕಿದಳಂತೆ. ಹದ್ದಿನ ರೆಕ್ಕೆಯ ಕೆಳಗೆ ಓರೆಯಾಗಿ ಒಂದು ಸಣ್ಣ ಗೆರೆ ಉಬ್ಬಿದೆಯಂತೆ. ಅಚ್ಚು ಮಾಡಿದವನ ಉಳಿ ಜಾರಿ ಅಚ್ಚಿನಲ್ಲೇ ಗೀರು ಬಿದ್ದಿರಬೇಕು, ಆ ಅಚ್ಚಿನಿಂದ ಬಂದ ಎಲ್ಲ ನಾಣ್ಯದ ಮೇಲೂ ಗೆರೆ ಉಬ್ಬಿರಬೇಕು ಎಂದು ಅವರ ವಾದ. ಭೂತಗನ್ನಡಿ ಹಿಡಿದು ವರ್ಷ ತುಂಬಿಲ್ಲ, ಆಗಲೇ ವಾದ. ಕ್ಲಿನಿಕ್ಕಿನಲ್ಲಿ ಕೊನೆಯ ಹಲ್ಲು ಕಿತ್ತ ಮೇಲೆ ಅತ್ತೆ ಸೊಸೆ ಹಿಂದಿನ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು, ತಲೆಗೆ ತಲೆ ತಾಗಿಸಿ ನಾಣ್ಯ ನೋಡುತ್ತೀರಂತೆ. ಅದನ್ನು ಎಷ್ಟು ಚೆಂದ ಬರೆದಿದ್ದೀಯ. ಆ ಪುಟವನ್ನು ನಿಮ್ಮಪ್ಪನಿಗೆ ಓದಿ ಹೇಳುತ್ತಾ ಮಧ್ಯದಲ್ಲೇ ನಿಲ್ಲಿಸಿ ಮೂಗು ಒರೆಸಿಕೊಂಡೆ. ಶೀತ ಎಂದೆ.

ಒಂದು ವಿಷಯ ನೇರವಾಗಿ ಕೇಳುತ್ತೇನೆ. ದೀಪ ಯಾಕೆ ಬಲಕ್ಕೆ ಹೋಯಿತು? ಫೋಟೋದಲ್ಲಿ ಅಕ್ಷರಗಳ ನೆರಳು ಎಡಕ್ಕೆ ಬಿದ್ದಿದೆ, ಅಂದರೆ ದೀಪ ಬಲಗಡೆ ಇದೆ. ನಾನು ನಿನಗೆ ದೀಪವನ್ನು ಎಡಗಡೆ, ಮೇಲಿನ ಮೂಲೆಯಲ್ಲಿ ಇಡಲು ಕಲಿಸಿದ್ದೆ. ಈ ಮೇಜಿನಲ್ಲಿ ಅದು ನಿನಗಿಂತ ಹಳೆಯದು, ಇವತ್ತಿಗೂ ಕದಲಿಲ್ಲ. ನೀನು ಹಾಸ್ಟೆಲಿಗೆ ಹೋದಾಗಲೂ ಎಡಕ್ಕೇ ಇಡುತ್ತಿದ್ದೆ, ಮದುವೆಯಾದ ಹೊಸದರಲ್ಲಿ ಕಳಿಸಿದ ಫೋಟೋಗಳಲ್ಲೂ ನೆರಳು ಬಲಕ್ಕೇ ಇತ್ತು. ಹಲ್ಲಿನ ಡಾಕ್ಟರು ರೋಗಿಯ ಬಲಗಡೆ ನಿಂತು ದೀಪ ಎಳೆದುಕೊಳ್ಳುತ್ತಾರೆ, ನನಗೂ ಗೊತ್ತು. ನಾನೂ ಆ ಕುರ್ಚಿಯಲ್ಲಿ ಬಾಯಿ ಕಳೆದುಕೊಂಡು ಕೂತವಳೇ. ಆದರೆ ನೀನು ಯಾರ ಮಗಳು?

ಹೊಟ್ಟೆಕಿಚ್ಚು ಎನ್ನುತ್ತೀಯ. ಹೌದು, ಹೊಟ್ಟೆಕಿಚ್ಚೇ. ನಿಮ್ಮಪ್ಪನೂ ಅದನ್ನೇ ಹೇಳಿದರು. 'ಎಲ್ಲರ ಮನೇಲೂ ಅತ್ತೆ ಸೊಸೆ ಜಗಳ ಆಡ್ತಾರೆ ಅಂತ ತಾಯಂದಿರು ಅಳ್ತಾರೆ, ನೀನು ಇವರು ಜಗಳ ಆಡಲ್ಲ ಅಂತ ಅಳ್ತಿದ್ದೀಯಲ್ಲೇ' ಎಂದು ನಕ್ಕರು. ಅವರಿಗೇನು, ರಿಪೇರಿಗೆ ಬಂದ ಗಡಿಯಾರದೊಳಗೆ ಮುಖ ಹುದುಗಿಸಿ ಕೂತರೆ ಲೋಕ ಮುಳುಗಿದರೂ ಗೊತ್ತಾಗುವುದಿಲ್ಲ. ನೀನು ಮೂರಡಿಯೂ ಇರಲಿಲ್ಲ, ಸ್ಟೂಲು ಹತ್ತಿ ನನ್ನ ಹೆಗಲ ಮೇಲೆ ಗದ್ದ ಊರಿ ಇಣುಕುತ್ತಿದ್ದೆ. ನಿನ್ನ ಉಸಿರು ತಾಗಿ ಗಾಜು ಮಂಜಾಗುತ್ತಿತ್ತು, ಬೈಯುತ್ತಿದ್ದೆ, ನೀನು ಉಸಿರು ಬಿಗಿಹಿಡಿದು ಮತ್ತೆ ಇಣುಕುತ್ತಿದ್ದೆ. ಇಣುಕಿ ಎಂಬ ಹೆಸರು ಅಲ್ಲಿಂದ ಬಂದದ್ದು. ಈಗ ಯಾರ ಹೆಗಲ ಮೇಲೆ ಇಣುಕುತ್ತಿದ್ದೀಯೋ ನೋಡು.

ಆ ಗೆರೆಯ ವಿಷಯಕ್ಕೆ ನನ್ನ ತೀರ್ಮಾನ ಇಷ್ಟೇ. ಅದು ಅಚ್ಚಿನದಲ್ಲ, ಗೀರು. ಪೆಟ್ಟಿಗೆಯಲ್ಲಿ ಬೀಗದ ಕೈ ಜೊತೆಗೋ ಮೊಳೆ ಜೊತೆಗೋ ಉರುಳಾಡಿದ ನಾಣ್ಯಕ್ಕೆ ಗೀರು ಬೀಳದೆ ಇರುತ್ತದೆಯೇ? ಹೋಲಿಸಿ ನೋಡಲೇ ಬೇಕು ಎಂದು ನೀನು ಬರೆದಿದ್ದೆ, ನೋಡಿದೆ. ನನ್ನ ಕುಳಿತಮ್ಮನನ್ನು ಲಕೋಟೆಯಿಂದ ತೆಗೆದು ದೀಪದ ಕೆಳಗಿಟ್ಟು ನೋಡಿದೆ. ರೆಕ್ಕೆಯ ಕೆಳಗೆ ಏನೂ ಇಲ್ಲ. ಅಕ್ಷರ ಬಲಕ್ಕೆ ಸರಿದಿದೆ, ನಿಮ್ಮದರ ಹಾಗೆಯೇ, ಎರಡನೇ ಅಚ್ಚು. ಎರಡೂ ಒಂದೇ ಅಚ್ಚಿನವು, ನಿಮ್ಮದಕ್ಕೆ ಗೀರು ಬಿದ್ದಿದೆ, ಮುಗಿಯಿತು.

ಹೊಸ ಅಚ್ಚೆಂದು ಪುಸ್ತಕಕ್ಕೆ ಸೇರಬೇಕಾದರೆ ಅದೇ ಗುರುತಿನ ಎರಡು ನಾಣ್ಯ ತೋರಿಸಬೇಕು, ಸಂಘದ ನಿಯಮ. ಆದ್ದರಿಂದ ನನ್ನದು ಬೇಕಾಯಿತು, ಅಲ್ಲವೇ? ಈ ಶನಿವಾರದ ನಂತರದ ಶನಿವಾರ ಸಭೆ, ಪುಸ್ತಕ ಮರುಮುದ್ರಣಕ್ಕೆ ಹೋಗುವ ಮೊದಲು ಇದೇ ಕೊನೆಯದು. ಎಲ್ಲರ ಮುಂದೆ ನೀನು ಎದ್ದು ನಿಂತು ಗೀರನ್ನು ಅಚ್ಚೆಂದು ಹೇಳಿ ನಗೆಪಾಟಲಾಗುವುದು ನನಗೆ ಇಷ್ಟವಿಲ್ಲ. 'ಅವಳ ಮಗಳಂತೆ' ಎಂದು ನನ್ನನ್ನೂ ಸೇರಿಸಿ ಆಡಿಕೊಳ್ಳುತ್ತಾರೆ. ಭಾನುವಾರ ಅಳಿಯಂದಿರು ಈ ಕಡೆ ಬರುತ್ತಾರಂತೆ, ಬರಲಿ. ಊಟ ಹಾಕಿ ಕಳಿಸುತ್ತೇನೆ. ನಾಣ್ಯ ಕೊಡುವುದಿಲ್ಲ.

ಗುರುವಾರ

ಇಣುಕೀ, ಮೇಲಿನದನ್ನು ಬರೆದು ಮಡಚಿದ್ದೆ. ಅಂಚೆಗೆ ಹಾಕಿ ಎಂದು ನಿಮ್ಮಪ್ಪನ ಕೈಗೆ ಕೊಟ್ಟಿದ್ದೆ. ಅವರು ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಎರಡು ದಿನ ಓಡಾಡಿದ್ದಾರೆ. ಕೇಳಿದರೆ 'ನಿನ್ನ ಕೋಪ ಆರ್ಲಿ ಅಂತ ಇಟ್ಕೊಂಡಿದ್ದೆ' ಎಂದರು. ಚೆನ್ನಾಗಿ ಬೈದೆ. ಆದರೂ ಒಳ್ಳೆಯದೇ ಆಯಿತು, ಯಾಕೆಂದರೆ ಹರಿದು ಹಾಕುವ ಬದಲು ಇದಕ್ಕೇ ಸೇರಿಸಿ ಬರೆಯುತ್ತಿದ್ದೇನೆ. ಮಂಗಳವಾರದ ಅಮ್ಮನನ್ನೂ ನೀನು ನೋಡು.

ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ಕುಳಿತಮ್ಮ ಇನ್ನೂ ಮೇಜಿನ ಮೇಲೇ ಇದ್ದಳು, ಹದ್ದು ಮೇಲೆ ಮಾಡಿಕೊಂಡು, ಸ್ಟ್ಯಾಂಡಿನ ಭೂತಗನ್ನಡಿಯ ಕೆಳಗೆ. ಲಕೋಟೆಗೆ ಹಾಕಲು ಮನಸ್ಸಾಗಿರಲಿಲ್ಲ. ಎದುರಿಗೆ ನಿಮ್ಮಪ್ಪ ಯಾರದೋ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ಸಾಸಿವೆಗಿಂತ ಸಣ್ಣ ತಿರುಪು ಚಿಮ್ಮಿ ಎಲ್ಲೋ ಬಿತ್ತು. 'ಅಲ್ಲಾಡಬೇಡ, ಅಲ್ಲಾಡಬೇಡ' ಎನ್ನುತ್ತಾ ನನ್ನನ್ನು ಕೇಳದೆ ನನ್ನ ದೀಪದ ಕತ್ತು ಹಿಡಿದು ತಮ್ಮ ಕಡೆಗೆ, ಮೇಜಿನ ಬಲತುದಿಗೆ ಎಳೆದುಕೊಂಡರು. ಯಾರಾದರೂ ಆ ದೀಪ ಮುಟ್ಟಿದರೆ ನಾನು ಹೇಗೆ ಎಗರಾಡುತ್ತೇನೆಂದು ನಿನಗೆ ಗೊತ್ತು. ಬಾಯಿ ತೆರೆದೆ. ಕಣ್ಣು ಗಾಜಿನ ಮೇಲೆ ಬಿತ್ತು.

ರೆಕ್ಕೆಯ ಕೆಳಗೆ ಗೆರೆ ಇತ್ತು.

ಅದು ಮೇಲಿನ ಎಡಮೂಲೆಯ ಕಡೆಯಿಂದ ಕೆಳಗಿನ ಬಲಮೂಲೆಯ ಕಡೆಗೆ ಓರೆಯಾಗಿ ಹೋಗುತ್ತದೆ, ನೇರವಾಗಿ ನನ್ನ ದೀಪದ ಬೆಳಕು ಬೀಳುವ ದಾರಿಯಲ್ಲೇ. ಬೆಳಕಿನ ಜೊತೆಗೇ ಮಲಗಿದ ಗೆರೆಗೆ ನೆರಳು ಬೀಳುವುದಿಲ್ಲ, ನೆರಳಿಲ್ಲದಿದ್ದರೆ ಅಷ್ಟು ಸಣ್ಣದು ಕಾಣುವುದಿಲ್ಲ. ದೀಪ ಬಲಕ್ಕೆ ಹೋದದ್ದೇ ತಡ, ಅಡ್ಡ ಬೆಳಕಿಗೆ ಎದ್ದು ನಿಂತಿತು. ನಾಣ್ಯವನ್ನು ಕೈಗೆ ತೆಗೆದುಕೊಂಡು ತಿರುಗಿಸಿದೆ, ವಾಲಿಸಿದೆ, ಮತ್ತೆ ತಿರುಗಿಸಿದೆ. ಉಬ್ಬು ಗೆರೆ. ತಗ್ಗಲ್ಲ, ಗೀರಲ್ಲ. ನಿಮ್ಮ ಫೋಟೋ ಪಕ್ಕದಲ್ಲಿಟ್ಟೆ. ಅದೇ ಓರೆ, ಅದೇ ಉದ್ದ, ಗರಿಯ ತುದಿಯಿಂದ ಅಷ್ಟೇ ದೂರ. ಬೇರೆ ಬೇರೆ ಪೆಟ್ಟಿಗೆಯಲ್ಲಿ ಬೆಳೆದ ಎರಡು ನಾಣ್ಯಕ್ಕೆ ಒಂದೇ ಕಡೆ ಒಂದೇ ಗೆರೆ ಬರುವುದು ಅಚ್ಚಿನಿಂದ ಮಾತ್ರ. ಮೂರನೇ ಅಚ್ಚು ಇದೆ. ನನ್ನ ಕುಳಿತಮ್ಮ ಅದರ ಮಗಳು. ಇಷ್ಟು ವರ್ಷ ಅವಳನ್ನು ಎರಡನೆಯದರ ಮನೆಯವಳೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

'ಏನೇ, ದೆವ್ವ ಕಂಡವಳ ಹಾಗೆ ಕೂತಿದ್ದೀಯ?' ಎಂದು ನಿಮ್ಮಪ್ಪ ಕೇಳಿದರು. ನಾನು ಫೋಟೋವನ್ನು ಅವರ ಕಡೆ ಸರಿಸಿದೆ. ಅವರು ನನ್ನ ಮುಖ ನೋಡಿದರು, ನಾಣ್ಯ ನೋಡಿದರು, ಫೋಟೋ ನೋಡಿದರು. 'ಬೀಗಿತ್ತಿ ಗೆದ್ದರಾ?' ಎಂದರು. ಆ ತಿರುಪು ನನ್ನ ಸೆರಗಿನಲ್ಲೇ ಸಿಕ್ಕಿಕೊಂಡಿತ್ತು, ಆಮೇಲೆ ನೋಡಿದೆ. ಬೇಕೆಂತಲೇ ಸಂಜೆಯವರೆಗೆ ಕೊಡಲಿಲ್ಲ.

ಈಗ ನೀನು ಕೇಳುತ್ತೀಯ, ನಾಣ್ಯ ತಿರುಗಿಸಿ ನೋಡು ಎಂದು ಎಲ್ಲರಿಗೂ ಪಾಠ ಹೇಳುವವಳು ನೀನು ತಿರುಗಿಸಲಿಲ್ಲವಾ ಅಂತ. ತಿರುಗಿಸಲಿಲ್ಲ. ಇಟ್ಟೆ, ಬಗ್ಗಿದೆ, ನೋಡಿದೆ, ಕಾಣಲಿಲ್ಲ, ಎಷ್ಟು ಖುಷಿಯಾಯಿತೆಂದರೆ ತಕ್ಷಣ ಎದ್ದುಬಿಟ್ಟೆ. ಇನ್ನೊಂದು ಕ್ಷಣ ಕೂತರೆ ಎಲ್ಲಿ ಕಂಡುಬಿಡುತ್ತದೋ ಎಂಬ ಭಯವಿತ್ತು ಅಂತ ಈಗ ಅನ್ನಿಸುತ್ತಿದೆ. ಯಾವ ನಾಣ್ಯವನ್ನೂ ನಾನು ಹಾಗೆ ನೋಡಿದವಳಲ್ಲ. ಈ ಒಂದನ್ನು ಹಾಗೆ ನೋಡಿದೆ, ನಿಮ್ಮತ್ತೆಯ ಮೇಲಿನ ಸಿಟ್ಟಿಗೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಮಂಗಳವಾರ ನಿನಗೆ ಬರೆಯುವುದಕ್ಕೆ ಮುಂಚೆಯೇ, ಶನಿವಾರ, ಸಂಘಕ್ಕೆ ಹೋಗಿ ಬಂದಿದ್ದೆ. ಅದನ್ನು ನಿನಗೆ ಬರೆಯದೆ ಮುಚ್ಚಿಟ್ಟೆ. ಮುದ್ರಣಾಲಯದ ಮಹಡಿಯ ಮೇಲಿನ ಆ ಕೋಣೆ, ಕೆಳಗಿನ ಯಂತ್ರ ಓಡಿದರೆ ಮೇಜಿನ ಮೇಲಿನ ಲೋಟ ನಡುಗುತ್ತದಲ್ಲ, ಅಲ್ಲೇ. ಕಾರ್ಯದರ್ಶಿಗಳು ನಿಮ್ಮ ಅರ್ಜಿಯನ್ನು ಮುಂದಿಟ್ಟುಕೊಂಡೇ ಕೂತಿದ್ದರು. 'ಇದು ಗೀರು, ನಾನು ನೋಡಿದ್ದೇನೆ, ಸಭೆಗೆ ತರಬೇಡಿ' ಎಂದೆ. ಅವರು ಒಂದು ಮಾತೂ ಎದುರಾಡಲಿಲ್ಲ. 'ನೀವು ಹೇಳಿದ ಮೇಲೆ ಆಯ್ತು ಬಿಡಿ ಅಮ್ಮಾ' ಎಂದು ಅರ್ಜಿಯ ಮೇಲೆ ಅಡ್ಡಗೆರೆ ಎಳೆದುಬಿಟ್ಟರು. ನನ್ನ ಮಾತಿಗೆ ಅಷ್ಟು ಬೆಲೆ ಇದೆಯಲ್ಲ ಎಂದು ಮೆಟ್ಟಿಲು ಇಳಿಯುವಾಗ ಎದೆ ಉಬ್ಬಿತ್ತು. ನಿನ್ನ ಅರ್ಜಿ ಅದು, ನಿನ್ನ ಕೈಬರಹ. ಸಭೆಯಲ್ಲಿ ನೀನು ನಗೆಪಾಟಲಾಗಬಾರದು ಎಂದು ಮೇಲೆ ಬರೆದೆನಲ್ಲ, ಅದು ಅರ್ಧ ಸುಳ್ಳು. ಬೀಗಿತ್ತಿಯ ಹೆಸರು ಪುಸ್ತಕದಲ್ಲಿ ಬರಬಾರದು ಎಂಬುದೇ ಪೂರ್ತಿ ನಿಜ.

ಇವತ್ತು ಬೆಳಿಗ್ಗೆ ಮತ್ತೆ ಆ ಮೆಟ್ಟಿಲು ಹತ್ತಿದೆ. ಸಲೀಸಾಗಿರಲಿಲ್ಲ. ಅಲ್ಲಿ ಕಾರ್ಯದರ್ಶಿಗಳ ಜೊತೆ ಇನ್ನಿಬ್ಬರು ಸದಸ್ಯರು ಕೂತಿದ್ದರು. ನಿನಗೆ ಗೊತ್ತಲ್ಲ, ಒಬ್ಬರು ಯಾವಾಗಲೂ ನನ್ನ ಮಾತಿಗೆ ತಲೆದೂಗುವ ಔಷಧಿ ಅಂಗಡಿಯವರು, ಇನ್ನೊಬ್ಬರು ನಾನು ಯಾವಾಗ ಎಡವುತ್ತೇನೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ನಿವೃತ್ತ ಮೇಷ್ಟ್ರು. ಅವರು ಹೋಗಲಿ ಎಂದು ಸ್ವಲ್ಪ ಹೊತ್ತು ಕಾದೆ. ಹೋಗಲಿಲ್ಲ. ಕುಳಿತಮ್ಮನನ್ನು ಮೇಜಿನ ಮೇಲಿಟ್ಟು ಅವರ ದೀಪವನ್ನು ಬಲಕ್ಕೆ ಎಳೆದೆ. 'ನಾನು ಹೇಳಿದ್ದು ತಪ್ಪು, ಅರ್ಜಿ ವಾಪಸ್ ಸೇರಿಸಿಕೊಳ್ಳಿ' ಎಂದೆ. ಮೇಷ್ಟ್ರು ಗಾಜಿನ ಮೇಲೆ ಬಗ್ಗಿದವರು ಏಳಲೇ ಇಲ್ಲ. ಎದ್ದಾಗ ಅವರ ಮುಖ ನೋಡಬೇಕಿತ್ತು. 'ಅಂದ್ರೆ ನಿಮ್ಮದರಲ್ಲೂ ಇತ್ತು, ನಿಮಗೇ ಕಾಣ್ಲಿಲ್ಲ?' ಎಂದು ಕೇಳಿದರು. ಹೌದು ಎಂದೆ. 'ಇಷ್ಟು ವರ್ಷ?' ಎಂದರು. ಅದಕ್ಕೂ ಹೌದು ಎಂದೆ. ಈ ಸಂತೋಷಕ್ಕೆ ಅವರು ಇನ್ನೂ ಒಂದಷ್ಟು ವರ್ಷ ಬಾಳುತ್ತಾರೆ, ಬಿಡು.

ಕಾರ್ಯದರ್ಶಿಗಳು ಹೊಸ ಅರ್ಜಿಯ ಹಾಳೆ ತೆಗೆದರು. ಮೊದಲು ಕಂಡವರು ಯಾರೆಂದು ಅದರಲ್ಲಿ ಬರೆಯಬೇಕು. ಯಾರ ಹೆಸರು ಬರೆದುಕೊಳ್ಳಲಿ ಎಂದು ಕೇಳಿದರು. ಹೇಳಿದೆ. ಬರೆದುಕೊಂಡರು.

ಭಾನುವಾರ ಅಳಿಯಂದಿರು ಬಂದರೆ ಕುಳಿತಮ್ಮನನ್ನು ಅವರ ಕೈಗೇ ಕೊಟ್ಟು ಕಳಿಸುತ್ತೇನೆ. ಜೇಬಿನಲ್ಲಿ ಬೀಗದ ಕೈ ಜೊತೆ ಹಾಕಿಕೊಳ್ಳಬಾರದು ಎಂದು ನೀನೇ ಫೋನ್ ಮಾಡಿ ಹೇಳು, ನಾನು ಹೇಳಿದರೆ ಅವರು ಸುಮ್ಮನೆ ತಲೆಯಾಡಿಸುತ್ತಾರೆ. ಸಭೆಗೆ ಬರುವಾಗ ಬೀಗಿತ್ತಿಯವರನ್ನೂ ಕರೆದುಕೊಂಡು ಬಾ. ನಮ್ಮಲ್ಲೇ ಇಳಿದುಕೊಳ್ಳಿ. ನಾನು ಮುಖ ಗಂಟಿಕ್ಕಿಕೊಂಡು ಇರುವುದಿಲ್ಲ ಎಂದು ಮಾತು ಕೊಡಲಾರೆ, ಪ್ರಯತ್ನ ಮಾಡುತ್ತೇನೆ. ನನ್ನ ಮೇಜಿನ ಮೇಲೆ ಅವರು ದೀಪ ಎಲ್ಲಿ ಬೇಕಾದರೂ ಇಟ್ಟುಕೊಳ್ಳಲಿ.

ಹೊಟ್ಟೆ ಇನ್ನೂ ಉರಿಯುತ್ತಿದೆ. ಗೆರೆ ನಿಜವೆಂದು ಒಪ್ಪಿಕೊಂಡರೆ ಅದು ಆರುತ್ತದೆ ಅಂದುಕೊಂಡಿದ್ದೆ, ಹೆಚ್ಚಾಯಿತು.

ಇತಿ,
ನಿನ್ನನ್ನು ಹೆತ್ತು, ದೀಪ ಎಡಕ್ಕಿಡಲು ಕಲಿಸಿದ
ಅಮ್ಮ

ಮರೆತ ಮಾತು: ಮರೆತಿಲ್ಲ, ಬರೆಯಲು ಆಗಿರಲಿಲ್ಲ. ನಿನ್ನ ಕಾಗದದ ಒಂದು ಸಾಲನ್ನು ನಾನು ಇಲ್ಲಿಯವರೆಗೆ ಮುಟ್ಟಿಲ್ಲ. 'ನಾನು ಸುಮ್ಮನೆ, ಇದೇನತ್ತೆ ಇಲ್ಲಿ ಕೂದಲು ಇದ್ದ ಹಾಗಿದೆಯಲ್ಲ ಅಂತ ಕೇಳಿದೆ, ಅವರು ತಟ್ಟನೆ ಹಿಡಿದುಬಿಟ್ಟರು' ಎಂದು ಬರೆದಿದ್ದೀಯ. ಇಣುಕೀ, ನೀನು ಸುಮ್ಮನೆ ಕೇಳುವವಳಲ್ಲ. ಹೆಗಲ ಮೇಲಿಂದ ಮೊದಲು ಕಾಣುತ್ತಿದ್ದುದು ನಿನಗೆ. ಕಂಡ ಮೇಲೆ ಏನೂ ಅರಿಯದವಳ ಹಾಗೆ 'ಇದೇನಮ್ಮಾ ಇಲ್ಲಿ?' ಎನ್ನುತ್ತಿದ್ದೆ, ನಾನು ಬಗ್ಗಿ 'ಅಯ್ಯೋ, ನೋಡು ಸಿಕ್ಕಿತು!' ಎನ್ನುತ್ತಿದ್ದೆ, ನೀನು ಚಪ್ಪಾಳೆ ತಟ್ಟುತ್ತಿದ್ದೆ. ಒಂದು ಸಲವೂ ನಿನಗೆ ಗೊತ್ತಿತ್ತಲ್ಲವೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನೀನು ನಿಲ್ಲಿಸಿಬಿಡುತ್ತಿದ್ದೆ. ಆ ಪ್ರಶ್ನೆ ನನಗೊಬ್ಬಳಿಗೇ ಎಂದುಕೊಂಡಿದ್ದೆ. ಶುಕ್ರವಾರದಿಂದ ನನ್ನನ್ನು ಸುಡುತ್ತಿರುವುದು ಆ ಗೆರೆಯೂ ಅಲ್ಲ, ದೀಪವೂ ಅಲ್ಲ, ಆ ಸಾಲು. ಕಾರ್ಯದರ್ಶಿಗಳು ಕೇಳಿದಾಗ ನಿನ್ನ ಹೆಸರೇ ನಾಲಿಗೆಯ ತುದಿಯಲ್ಲಿತ್ತು, ಅದೇ ಸತ್ಯವೂ ಹೌದು. ಆದರೆ ನೀನು ಪ್ರೀತಿಯಿಂದ ಕೊಟ್ಟದ್ದನ್ನು ಅವರ ಕೈಯಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನಿಮ್ಮತ್ತೆಯ ಹೆಸರನ್ನೇ ಬರೆಸಿ ಬಂದಿದ್ದೇನೆ. ಅವರಿಗೆ ಗೊತ್ತಾಗಬಾರದು, ಈ ಪುಟವನ್ನು ಓದಿ ಹೇಳಬೇಡ. ನೀನು ಬಂದಾಗ ಯಾವುದಾದರೂ ನಾಣ್ಯ ಹಿಡಿದು ನನ್ನನ್ನೂ ಒಂದು ಸಲ ಕೇಳು.